ಚೌತಿಗೆ ಮುಂಚೆ ಹೊರಗೋಡೆಗೆ ಬಣ್ಣ ಬೇಡ ಮಾರಾಯ್ರೆ

ಜುಲೈ ಮುಗಿಯುತ್ತಾ ಬಂದರೆ ಸಾಕು, ಗೋವಾದ ವಾಸ್ಕೊದ ನಮ್ಮ ಓಣಿಯಲ್ಲಿ ಬಣ್ಣದ ಮಾತು ಶುರು. ಚೌತಿಗೆ ನೆಂಟರು ಬರುತ್ತಾರೆ, ಗಣಪತಿ ಮೇಲೆ ಹಣ್ಣು-ಕಾಯಿಗಳ ಮಾಟೋಳಿ ಕಟ್ಟಬೇಕು. ಅಷ್ಟೆಲ್ಲ ಮಾಡಿ ಮನೆಯ ಹೊರಗೋಡೆ ಪಾಚಿ ಹಿಡಿದು ಕಪ್ಪಗಿದ್ದರೆ ಚೆಂದವಾ? ಕುಮಟಾದಲ್ಲಿ ನಮ್ಮ ಮನೆಯಲ್ಲೂ ಇದೇ ಗಡಿಬಿಡಿ ಇತ್ತು. ಹಾಗಾಗಿ ಇಲ್ಲಿ ನಾನೂ ಬಿದ್ದೆ.

2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂದಿತ್ತು. ಅದಕ್ಕೆ ಮುಂಚೆ ಎರಡು ದಿನ ಮಳೆ ಬಿಡುವು ಕೊಟ್ಟಿತು. ಕಂಟ್ರಾಕ್ಟರ್ ಒಬ್ಬ "ವಾಟರ್‌ಪ್ರೂಫ್ ಪೇಂಟ್ ಸರ್, ಕಣ್ಣುಮುಚ್ಚಿ ಹೊಡೆಸಿ" ಎಂದ. ನಾನು ನಿಜಕ್ಕೂ ಕಣ್ಣು ಮುಚ್ಚಿಯೇ ಹೊಡೆಸಿದೆ. ಹಬ್ಬದ ಫೋಟೋದಲ್ಲಿ ಮನೆ ಮದುಮಗಳ ಹಾಗಿತ್ತು. ಡಿಸೆಂಬರ್ ಹೊತ್ತಿಗೆ ಪಶ್ಚಿಮದ ಗೋಡೆ ತುಂಬ ಗುಳ್ಳೆ, ಥೇಟ್ ಕರಿದ ಹಪ್ಪಳ. ಒಂದನ್ನು ಉಗುರಲ್ಲಿ ಎತ್ತಿದೆ. ಬಣ್ಣ ಹಾಲಿನ ಕೆನೆ ಹಾಗೆ ಅಂಗೈಯಗಲ ಎದ್ದು ಬಂತು. ಹಿಂದೆ ಬಿಳಿ ಉಪ್ಪಿನ ಪುಡಿ.

ಆಮೇಲೆ ಝುವಾರಿನಗರದಿಂದ ಒಬ್ಬ ಪೇಂಟರ್ ಬಂದರು. ಬಾಗಲಕೋಟೆ ಕಡೆಯವರು, ನನಗಿಂತ ದೊಡ್ಡವರು, ಕಾಕಾ ಅಂತಲೇ ಕರೆದೆ. ಶೇಡ್ ಕಾರ್ಡ್ ತೆಗೆಯಲೇ ಇಲ್ಲ. ಗೋಡೆಗೆ ಅಂಗೈ ಒತ್ತಿ ಸುಮ್ನೆ ನಿಂತರು.

"ಗ್ವಾಡಿ ಒಳಗ ನೀರ ಕುಂತೈತ್ರಿ ಸರ. ನೀವ್ ಮ್ಯಾಲ ರೇನ್‌ಕೋಟ್ ಹಾಕೀರಿ. ಒಳಗಿನ ನೀರ ಎಲ್ಲಿಂದ ಹೋಗ್ಬೇಕ್ರಿ?"

ಸಂಜೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ತಂದು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿದರು. ಬೆಳಿಗ್ಗೆ ನೋಡಿದರೆ ಹಾಳೆಯ ಒಳಬದಿಗೆ ಸಣ್ಣ ಸಣ್ಣ ಹನಿ. ಮಳೆ ನಿಂತು ತಿಂಗಳುಗಳೇ ಆಗಿದ್ದವು!

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಾಳಿ ಸಮುದ್ರದ ಕಡೆಯಿಂದ, ಹಾಗಾಗಿ ಪಶ್ಚಿಮ, ನೈಋತ್ಯದ ಗೋಡೆಗಳಿಗೇ ಜಾಸ್ತಿ ಏಟು. ನಮ್ಮದು ಚಿರೆಕಲ್ಲಿನ ಗೋಡೆ ಬೇರೆ. ತೂತು ತೂತು ಕಲ್ಲು, ನೀರು ಕುಡಿಯೋದರಲ್ಲಿ ಎತ್ತಿದ ಕೈ. ಹಳೆಯ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು, ಅದರೊಳಗಿಂದ ಒದ್ದೆ ಆವಿಯಾಗಿ ಹೋಗುತ್ತಿತ್ತು. ಪ್ರತಿವರ್ಷ ಬಳಿಯುವ ರಗಳೆ ಇತ್ತು, ಒಪ್ಪುತ್ತೇನೆ. ಆದರೆ ಹಪ್ಪಳ ಏಳುತ್ತಿರಲಿಲ್ಲ.

ಕಾಕಾ ಸಡಿಲವಾದದ್ದನ್ನೆಲ್ಲ ಕೆರೆದು ಹಾಕಿ, ಮೂರು ವಾರ ಗೋಡೆಯನ್ನು ಬೆತ್ತಲೆ ಬಿಟ್ಟರು. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದರು. ನಾನು ಪೈಪ್ ಹಿಡಿದು ತೊಳೆಯಲು ಹೋದರೆ ಬೈಸಿಕೊಂಡೆ, ನೀರು ಹಾಕಿದರೆ ಆ ಉಪ್ಪು ಕರಗಿ ವಾಪಸ್ ಒಳಗೇ ಹೋಗುತ್ತದಂತೆ. ನಿಜವಾದ ಕಳ್ಳ ಸಿಕ್ಕಿದ್ದು ಆ ಮೂರು ವಾರದಲ್ಲಿ. ತಾರಸಿಯಿಂದ ಇಳಿಯುವ ಪೈಪಿನ ಜಾಯಿಂಟ್ ಬಿಟ್ಟಿತ್ತು, ಸಜ್ಜಾ ಮೇಲೆ ಕೂದಲೆಳೆ ಬಿರುಕು. ಎರಡನ್ನೂ ಮುಚ್ಚಿ, ಮತ್ತೆ ಹಾಳೆ ಅಂಟಿಸಿ, ಹನಿ ಕಾಣಿಸದ ಮೇಲೆ ಪ್ರೈಮರ್. ಅದರ ಮೇಲೆ ಎರಡು ಕೋಟ್. ಬಣ್ಣ ಹಚ್ಚಿದ್ದು ಬರೀ ನಾಲ್ಕು ದಿನ. (ಯಾವ ಬಣ್ಣ ಅಂತ ಮನೆಯಲ್ಲಿ ಜಗಳ ನಡೆದದ್ದು ಅದಕ್ಕಿಂತ ಜಾಸ್ತಿ ದಿನ. ಮಗಳಿಗೆ ಪಣಜಿಯ ಹಳೆ ಓಣಿ ಫೊಂಟೇನ್ಹಸ್‌ನ ಮನೆಗಳ ನೀಲಿಯೇ ಬೇಕಿತ್ತು.)

ನನ್ನ ತಕರಾರು ನಮ್ಮ ಬಗ್ಗೆಯೇ. 20 ಲೀಟರಿನ ಬಕೆಟ್‌ಗೆ ದುಬಾರಿ ಬೆಲೆ ಕೊಡುತ್ತೇವೆ, ಬ್ರ್ಯಾಂಡ್ ಬಗ್ಗೆ ವಾದ ಮಾಡುತ್ತೇವೆ. ಅದೇ "ಮೂರು ದಿನ ಬರೀ ಕೆರೆಯೋ ಕೆಲಸ ಐತ್ರಿ" ಅಂದರೆ ಆ ಕೂಲಿಗೆ ಚೌಕಾಸಿ. ಹೋಳಿಗೆಗೆ ದುಡ್ಡಿದೆ, ಹೂರಣಕ್ಕಿಲ್ಲ ಅಂದ ಹಾಗಾಯಿತು ಅಲ್ವಾ? ಆ ಮೂರು ದಿನ ಏಣಿ ಮೇಲೆ ಧೂಳು ಕುಡಿದವರು ಅವರು, ಬಾಯಿಗೆ ಟವೆಲ್ ಕಟ್ಟಿಕೊಂಡು.

ಚೌತಿಗೆ ಒಳಗಡೆ, ದೇವರ ಕೋಣೆಗೆ ಬಣ್ಣ ಹೊಡೆಸಿ. ಹೊರಗಿನ ಪಾಚಿಯನ್ನು ಬ್ರಷ್ ಹಾಕಿ ತಿಕ್ಕಿ. ನೆಂಟರು ಗೋಡೆ ನೋಡೋಕೆ ಬರೋದಲ್ಲ, ನೇವ್ರಿ (ನಮ್ಮ ಕರ್ಜಿಕಾಯಿ) ತಿನ್ನೋಕೆ. ಹೊರಗೋಡೆಗೆ ಜನವರಿ, ಫೆಬ್ರವರಿ ಇದೆ.

ಅಂದಹಾಗೆ, ಬಾವಿ ಬದಿಯ ಗೋಡೆಗೆ ಕಾಕಾ ಇನ್ನೂ ಬಣ್ಣ ಹಚ್ಚಿಲ್ಲ. ಊರಿಗೆ ಹೋದವರು ಫೋನ್ ಮಾಡಿದಾಗೆಲ್ಲ ಮೊದಲು ಕೇಳೋದು, "ಕೈ ಇಟ್ಟ ನೋಡಿದ್ರಿ ಏನ್ರಿ?" ನಿನ್ನೆಯೂ ಇಟ್ಟೆ. ತಣ್ಣಗಿದೆ.