ಸುಮ್ನೆ ಬಿಡಿ ಅಂದರೆ ಕೇಳೋರ್ಯಾರು

ಕ್ಯಾಂಪನುಲ ಎಂಬ ಹೂಗಿಡ ಬೆಳೆಸುವುದು ಬಹಳ ಸುಲಭ ಎಂದು ಇಂಗ್ಲೆಂಡಿನ ತೋಟಗಾರರು ಹೇಳುತ್ತಾರೆ. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ, ಬೆಳಕಿನಲ್ಲಿಡಿ, ಆಮೇಲೆ ಸುಮ್ಮನಿರಿ. ಅಷ್ಟೇ. ಇದನ್ನು ಹೇಳಿದವರ ಮನೆಗೆ ಹಾಸನದಿಂದ ಮಾವ ಬಂದಿರಲಿಲ್ಲ ಅಂತ ಕಾಣುತ್ತದೆ.

ನಾವಿರುವುದು ಯಾರ್ಕ್‌ಷೈರಿನಲ್ಲಿ. ಚಳಿಗಾಲಕ್ಕೆ ಹೆದರದೆ ಪ್ರತಿ ವರ್ಷ ತಾನಾಗಿ ಚಿಗುರುವ ಗಿಡ ಬೇಕಿತ್ತು. ಅದಕ್ಕೇ ಗಂಟೆಯಂಥ ನೀಲಿ ಹೂವಿನ ಈ ಕ್ಯಾಂಪನುಲ. ಎರಡು ಜಾತಿ ತರಿಸಿದೆ. ಒಂದು ಪರ್ಸಿಸಿಫೋಲಿಯ, ಸೊಂಟದೆತ್ತರಕ್ಕೆ ಬರುತ್ತದೆ. ಇನ್ನೊಂದು ಕಾರ್ಪಾಟಿಕ, ಕಾರ್ಪೇಥಿಯನ್ ಬೆಟ್ಟಗಳ ಕಡೆಯದು, ಒಂದಡಿ ದಾಟುವುದಿಲ್ಲ. ಆರು ತಿಂಗಳ ವೀಸಾದಲ್ಲಿ ಬಂದಿದ್ದ ಮಾವ ಪ್ಯಾಕೆಟ್ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

“ತಿನ್ನೋಕೆ ಬರುತ್ತೇನಮ್ಮಾ?”

“ಇದಲ್ಲ ಮಾವ. ಇದೇ ಕುಟುಂಬದ ಇನ್ನೊಂದು ಗಿಡದ ಗೆಡ್ಡೆಯನ್ನು ಹಿಂದೆ ಇಲ್ಲಿನ ಜನ ತರಕಾರಿ ಮಾಡಿ ತಿಂತಿದ್ದರಂತೆ.”

“ಮತ್ತೆ ಅದನ್ನೇ ತರಿಸಬಹುದಿತ್ತು.”

ಪ್ಯಾಕೆಟ್ ಒಡೆದರೆ ಒಳಗೆ ಇನ್ನೊಂದು ಪುಟ್ಟ ಕವರ್. ಅದರೊಳಗೆ ಏನೂ ಇದ್ದಂತಿಲ್ಲ. ಬೆಳಕಿಗೆ ಹಿಡಿದಾಗ ಮೂಲೆಯಲ್ಲಿ ಒಂದಿಷ್ಟು ಕಂದು ಧೂಳು. ಅದೇ ಬೀಜ! ಗಸಗಸೆಯೇ ಇದರ ಮುಂದೆ ದೊಡ್ಡಣ್ಣ. ಬಿಳಿ ಹಾಳೆಯ ಮೇಲೆ ಸುರಿದುಕೊಂಡು ಉಸಿರು ಬಿಗಿಹಿಡಿದು ಕೂತೆ. ನಮ್ಮನೆಯವರಿಗೆ ಏಪ್ರಿಲ್ ಬಂದರೆ ಬರ್ಚ್ ಮರದ ಪರಾಗದ ಅಲರ್ಜಿ. “ಎಲ್ಲಿ, ನೋಡೋಣ” ಎಂದು ಬಗ್ಗಿದವರು ಸೀನಿದರು. ಅರ್ಧ ಬೀಜ ಅಡುಗೆಕಟ್ಟೆಯ ಮೇಲೆ ಹೋಯಿತು. ಅತ್ತೆ ತಕ್ಷಣ ಒದ್ದೆ ಬಟ್ಟೆಯಲ್ಲಿ ಕಟ್ಟೆ ಒರೆಸಿದರು. ಅವರ ಕೈ ಅಷ್ಟು ಚುರುಕು.

ಉಳಿದದ್ದನ್ನು ಸಮನಾಗಿ ಬಿತ್ತುವುದು ಹೇಗೆ? ಮಾವನೇ ದಾರಿ ತೋರಿಸಿದರು. “ಎಳ್ಳು ಬಿತ್ತುವಾಗ ಮರಳು ಬೆರೆಸಲ್ವಾ? ಹಂಗೇ ಮಾಡು.” ಇಲ್ಲಿನವರೂ ಸಣ್ಣ ಬೀಜಕ್ಕೆ ಒಣ ಮರಳನ್ನೇ ಬೆರೆಸುತ್ತಾರೆ. ಅಲ್ಲಿಯವರೆಗೂ ಎಲ್ಲ ಸರಿಯಾಗಿತ್ತು.

ತೊಂದರೆ ಶುರುವಾದದ್ದು ಮುಂದಿನ ಹೆಜ್ಜೆಯಲ್ಲಿ. ಈ ಬೀಜ ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚುವಂತಿಲ್ಲ. ಜೀವಮಾನವೆಲ್ಲ ಬೇಸಾಯ ಮಾಡಿದ ಮನುಷ್ಯನಿಗೆ ಬೀಜ ಬೆತ್ತಲೆ ಬಿದ್ದಿರುವುದನ್ನು ನೋಡಿಕೊಂಡಿರಲು ಆಗುತ್ತದೆಯೇ? ನಾನು ಆಫೀಸಿನಿಂದ ಬರುವಷ್ಟರಲ್ಲಿ ಒಂದು ಟ್ರೇ ಮೇಲೆ ಬೆರಳುದ್ದ ಮಣ್ಣು. “ಹಕ್ಕಿ ತಿಂತಾವಮ್ಮಾ” ಎಂದರು. ಟ್ರೇ ಇದ್ದದ್ದು ಅಡುಗೆಮನೆ ಕಿಟಕಿಯ ಒಳಗೆ. ಹಕ್ಕಿ ಬರಬೇಕಾದರೆ ಕಾಲಿಂಗ್ ಬೆಲ್ ಒತ್ತಬೇಕು.

ಇನ್ನೊಂದು ಟ್ರೇಯನ್ನು ಮಹಡಿಗೆ ಸಾಗಿಸಿದೆ. ಇದಕ್ಕೆ ಮೇಲಿನಿಂದ ನೀರು ಹಾಕಬಾರದು, ನೀರಿರುವ ತಟ್ಟೆಯಲ್ಲಿ ಇಟ್ಟರೆ ಮಣ್ಣು ತಾನೇ ಹೀರಿಕೊಳ್ಳುತ್ತದೆ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ನಮ್ಮನೆಯವರು ಪ್ರೀತಿಯಿಂದ ಒಂದು ಚೊಂಬು ನೀರು ಸುರಿದರು. ಬೀಜವೆಲ್ಲ ತೇಲಿಕೊಂಡು ಹೋಗಿ ಒಂದು ಮೂಲೆ ಹಿಡಿಯಿತು.

ಪ್ಯಾಕೆಟ್ ಮೇಲೆ ಎರಡರಿಂದ ನಾಲ್ಕು ವಾರ ಬೇಕು ಎಂದು ಬರೆದಿತ್ತು. ವಾರ ತುಂಬುವ ಮೊದಲೇ ಅಡುಗೆಮನೆಯ ಟ್ರೇಯಲ್ಲಿ ದಪ್ಪ ದಪ್ಪ ಮೊಳಕೆ! ನಮ್ಮನೆಯವರು ಕುಣಿದಾಡಿಬಿಟ್ಟರು. ಫೋಟೋ ತೆಗೆದು “ನಮ್ಮ ಕ್ಯಾಂಪನುಲ” ಎಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಅರಸೀಕೆರೆಯ ಚಿಕ್ಕಮ್ಮನ ಉತ್ತರ ತಕ್ಷಣ ಬಂತು: “ಮೆಂತ್ಯ ಚೆನ್ನಾಗಿ ಬಂದಿದೆ ಕಣೋ.” ವಿಚಾರಿಸಿದರೆ, ಟ್ರೇ ಸುಮ್ನೆ ಖಾಲಿ ಬಿದ್ದಿದೆಯಲ್ಲ ಎಂದು ಮಾವ ಒಂದು ಹಿಡಿ ಮೆಂತ್ಯ ಉದುರಿಸಿದ್ದರು. ಬೇಳೆಗೆ ಹಾಕಿದೆವು. ರುಚಿಯಾಗಿತ್ತು, ಸುಳ್ಳು ಹೇಳಬಾರದು.

ಮಹಡಿಯ ಮೂಲೆಯಲ್ಲಿ ಒತ್ತೊತ್ತಾಗಿ ಹುಟ್ಟಿದ್ದವು ನಿಜವಾದ ಸಸಿಗಳು. ಅವನ್ನು ಕಾಂಡ ಮುಟ್ಟದೆ, ಎಲೆ ಹಿಡಿದು, ಹಲ್ಲುಕಡ್ಡಿಯಲ್ಲಿ ಎಬ್ಬಿಸಿ ಬೇರೆ ಬೇರೆ ಕುಂಡಕ್ಕೆ ಹಾಕಿದೆ. ಕಣ್ಣು ಹೋಯಿತು, ಸೊಂಟ ಹೋಯಿತು. ಜೂನ್ ಹೊತ್ತಿಗೆ ಹಿತ್ತಿಲಿಗೆ ಇಳಿಸಿದೆ. ಪರ್ಸಿಸಿಫೋಲಿಯ ನೆಲಕ್ಕೆ, ಕಾರ್ಪಾಟಿಕ ಕುಂಡದಲ್ಲೇ.

ಮಾರನೆಯ ಬೆಳಿಗ್ಗೆ ಮೊದಲ ಸಾಲಿನಲ್ಲಿ ಎಲೆಯೇ ಇಲ್ಲ. ಸ್ಲಗ್‌ಗಳ ಕೆಲಸ. ಚಿಪ್ಪಿಲ್ಲದ ಬಸವನಹುಳು ಎಂದುಕೊಳ್ಳಿ. ಎಳೆ ಕ್ಯಾಂಪನುಲ ಅಂದರೆ ಅವಕ್ಕೆ ಪ್ರಾಣ. ಮೊದಲು ಮೆಟಾಲ್ಡಿಹೈಡ್ ಎಂಬ ಗುಳಿಗೆ ಹಾಕುತ್ತಿದ್ದರು. ಮುಳ್ಳುಹಂದಿಯಂಥ ಹೆಜ್‌ಹಾಗ್‌ಗಳಿಗೂ ಹಕ್ಕಿಗಳಿಗೂ ಅಪಾಯವೆಂದು 2022ರಿಂದ ಇಲ್ಲಿ ತೋಟಗಳಲ್ಲಿ ಅದನ್ನು ನಿಷೇಧಿಸಿದ್ದಾರೆ. ಉಳಿದ ದಾರಿಗಳಲ್ಲಿ ಒಂದು ಬಿಯರ್. ಬಟ್ಟಲಿನಲ್ಲಿ ಬಿಯರ್ ಹಾಕಿ ಮಣ್ಣಿನಲ್ಲಿ ಹೂಳಬೇಕು. ಅಂಚು ಸ್ವಲ್ಪ ಮೇಲಿರಬೇಕು, ಇಲ್ಲವಾದರೆ ಸ್ಲಗ್ ತಿನ್ನುವ ಒಳ್ಳೆಯ ಜೀರುಂಡೆಗಳೂ ಬಿದ್ದು ಸಾಯುತ್ತವೆ.

ಇಷ್ಟೆಲ್ಲ ವಿಜ್ಞಾನ ಮಾವನಿಗೆ ಗೊತ್ತಿರಲಿಲ್ಲ. ಅವರು ಕಂಡದ್ದು ಇಷ್ಟೇ: ರಾತ್ರಿ ಹತ್ತು ಗಂಟೆ, ಮಗ ಬಿಯರ್ ಕ್ಯಾನ್ ಹಿಡಿದು ಕಳ್ಳಹೆಜ್ಜೆಯಲ್ಲಿ ಹಿತ್ತಿಲಿಗೆ ಹೋಗುತ್ತಿದ್ದಾನೆ.

“ಏನೋ ಅದು?”

“ಹುಳಕ್ಕೆ ಅಪ್ಪಾ.”

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದರು: “ಕುಡಿ ಬೇಕಾದ್ರೆ. ಸುಳ್ಳಿಗೂ ಒಂದು ಮಿತಿ ಇರಲಿ.”

ಬೆಳಿಗ್ಗೆ ಬಟ್ಟಲಿನಲ್ಲಿ ಸತ್ತಿದ್ದ ಸ್ಲಗ್‌ಗಳನ್ನು ತೋರಿಸಿದರೂ ಅವರು ಪೂರ್ತಿ ನಂಬಿದಂತಿರಲಿಲ್ಲ. ಎರಡು ಕ್ಯಾನ್ ಇದ್ದವಲ್ಲ, ಒಂದೇ ಬಟ್ಟಲು ಇದೆಯಲ್ಲ ಎಂದು ಕೇಳಿದರು. ನನಗೂ ಅದೇ ಅನುಮಾನ.

ಬೀಜದಿಂದ ಬಂದ ಈ ಗಿಡಗಳು ಸಾಮಾನ್ಯವಾಗಿ ಮೊದಲ ವರ್ಷ ಹೂ ಬಿಡುವುದಿಲ್ಲ. ನೆಲಕ್ಕಂಟಿ ಎಲೆ ಹರಡಿಕೊಂಡು ಕೂರುತ್ತವೆ. ಮಾವ, ಅತ್ತೆ ಹೂ ನೋಡದೆಯೇ ಊರಿಗೆ ಹೊರಟರು. ಚಳಿ ಬಂದಾಗ ಕಾರ್ಪಾಟಿಕದ ಎಲೆಯೂ ಬಾಡಿಹೋಗಿ ಕುಂಡದಲ್ಲಿ ಬರೀ ಮಣ್ಣು ಕಾಣುತ್ತಿತ್ತು. ಬೇರು ಒಳಗೆ ಬದುಕಿರುತ್ತದೆ, ಮುಟ್ಟಬೇಡಿ ಎಂದು ಹೇಳಿದ್ದೆ. ಹೊಸ ವರ್ಷಕ್ಕೆ ಹಿತ್ತಿಲು ಚೊಕ್ಕಟ ಮಾಡುವ ಉಮೇದು ಬಂದ ನಮ್ಮನೆಯವರು ಕುಂಡಗಳನ್ನೆಲ್ಲ ತೊಳೆದು ಒಂದರೊಳಗೊಂದು ಜೋಡಿಸಿಟ್ಟರು. ಎಷ್ಟು ನೀಟಾಗಿತ್ತು ಅಂತೀರಿ!

ನೆಲದಲ್ಲಿದ್ದ ಪರ್ಸಿಸಿಫೋಲಿಯ ಮಾತ್ರ ಬಚಾವಾಯಿತು. ಮುಂದಿನ ಜೂನ್‌ನಲ್ಲಿ ಕಡ್ಡಿಯ ತುಂಬ ಹೂ. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಮಾವ ಕನ್ನಡಕ ಸರಿಮಾಡಿಕೊಂಡು “ಬುಡಕ್ಕೆ ಮಣ್ಣು ಏರಿಸಿದ್ದೀಯಾ?” ಎಂದರು. ಅತ್ತೆ, ದೇವರಿಗೆ ಇಡಬಹುದಾ ಎಂದು ಕೇಳಿದರು. ಬಾಡಿದ ಹೂ ಕಿತ್ತರೆ ಪಕ್ಕದ ಮೊಗ್ಗು ಅರಳಿ ಇನ್ನೂ ಜಾಸ್ತಿ ಬಿಡುತ್ತವೆ ಎಂದೆ. ನೆಟ್‌ವರ್ಕ್ ಸರಿಯಿರಲಿಲ್ಲ. ಅವರಿಗೆ ಕೇಳಿಸಿದ್ದು “ಕಿತ್ತರೆ ಜಾಸ್ತಿ ಬಿಡುತ್ತವೆ” ಅಷ್ಟೇ.

“ಕೇಳಿಸ್ತೇನೋ? ದಿನಾ ಕಿತ್ತು ದೇವರಿಗಿಡು” ಎಂದು ಮಗನಿಗೆ ಹೇಳಿದರು.

ನಮ್ಮನೆಯವರು ಅಮ್ಮನ ಮಾತು ಮೀರಿದವರಲ್ಲ. ಮರುದಿನ ನಾನು ಏಳುವಷ್ಟರಲ್ಲಿ ಗಣಪತಿ ಫೋಟೋ ಪೂರ್ತಿ ನೀಲಿ, ಹಿತ್ತಿಲು ಪೂರ್ತಿ ಹಸಿರು.