ಮಣಿಕಟ್ಟಿನ ಮೇಲೊಬ್ಬ ಹೃದಯತಜ್ಞ

ಹಾಸನದವರಿಗೆ ಸರದಿಯಲ್ಲಿ ನಿಲ್ಲುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆ ಆ ಅಭ್ಯಾಸ ಮಾಡಿಸಿದ್ದಾಳೆ. 2025ರ ಜುಲೈನಲ್ಲಿ ಅದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಉಪಯೋಗಕ್ಕೆ ಬಂತು. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳನ್ನು ಟಿ.ವಿ.ಗಳು ಕ್ರಿಕೆಟ್ ಸ್ಕೋರಿನಂತೆ ಎಣಿಸಿದವು, ಜನ ಇಸಿಜಿಗೆ ಸಾಲುಗಟ್ಟಿದರು. ಗಾಬರಿ ಬೇಡ ಎಂದು ವೈದ್ಯರು ಹೇಳಿದರು. ಹೇಳಿದ್ದಕ್ಕೇ ಗಾಬರಿ ಹೆಚ್ಚಿತು.

ಸರ್ಕಾರ ಸಮಿತಿ ರಚಿಸಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಸಾವು ಹೆಚ್ಚಿಲ್ಲ, ಕಾರಣಗಳೂ ಹಳೆಯವೇ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯ ಎಂದು ವರದಿ ಬಂತು. ಊರಿಗೆ ಊರೇ ನಿರಾಶೆಗೊಂಡಿತು. ಇಷ್ಟು ದೊಡ್ಡ ಸುದ್ದಿಗೆ ಬೀಡಿಯಂಥ ಬಡಪಾಯಿ ಕಾರಣವೇ?

ಸರದಿ ಕರಗಿತು, ಆ ಗಾಬರಿಯಲ್ಲಿ ಕೈಗೇರಿದ, ನಾಡಿ ಎಣಿಸುವ ಸ್ಮಾರ್ಟ್ ವಾಚ್ ಉಳಿಯಿತು. ಈಗ ಬಿ.ಎಂ. ರಸ್ತೆಯ ಚಹಾದಂಗಡಿಯ ಮಾತಿನಲ್ಲಿ ಮಳೆ, ಆಲೂಗಡ್ಡೆ ಬೆಲೆ ಎರಡೂ ಹಿಂದೆ ಬಿದ್ದಿವೆ.

"ಎಷ್ಟು ತೋರಿಸುತ್ತಿದೆ ಅಣ್ಣ?"

"ಎಪ್ಪತ್ತೆರಡು. ನಿಮ್ಮದು?"

"ತೊಂಬತ್ತು."

"ಹುಷಾರು ಮಾರಾಯರೇ!"

ಹುಷಾರು ಹೇಳಿದವರು ಅದೇ ಕೈಯಲ್ಲಿ ಸಿಗರೇಟು ಹಚ್ಚುತ್ತಾರೆ. ಬೆರಳ ತುದಿಯಲ್ಲಿ ಕೆಂಪು ಕಿಡಿ, ನಾಲ್ಕು ಇಂಚು ಕೆಳಗೆ ವಾಚಿನ ಹಸಿರು ಬೆಳಕು. ಎರಡು ದಮ್ಮಿಗೆ ಅಂಕಿ ಎಂಬತ್ತೆಂಟಕ್ಕೆ ಏರಿದರೆ ವಾಚಿನ ಮೇಲೆ ಎರಡೇಟು ಬೀಳುತ್ತದೆ: "ಚಾರ್ಜ್ ಇಳಿದಿರಬೇಕು."

ಆ ಹಸಿರು ಬೆಳಕು ಚರ್ಮದೊಳಗೆ ಹೊಕ್ಕು, ರಕ್ತ ಉಕ್ಕಿದಾಗೆಲ್ಲ ಎಷ್ಟು ಹಿಂದಿರುಗಿತು ಎಂದು ನೋಡಿ ನಾಡಿ ಎಣಿಸುತ್ತದೆ, ಅಷ್ಟೇ. ದುಬಾರಿ ವಾಚುಗಳು ಒಂದೇ ಕೋನದ ಇಸಿಜಿ ತೆಗೆದು, ಬಡಿತದ ಲಯ ತಪ್ಪಿದ್ದರೆ ಸೂಚಿಸಬಲ್ಲವು. ಅದರಿಂದ ಉಪಕಾರವಾದವರೂ ಇದ್ದಾರೆ. ಆದರೆ ಹೃದಯಾಘಾತ ಹುಡುಕಲು ಆಸ್ಪತ್ರೆಯಲ್ಲಿ ಹತ್ತು ತಂತಿ ಅಂಟಿಸಿ ಹನ್ನೆರಡು ಕೋನಗಳಿಂದ ನೋಡಬೇಕು. ತನ್ನ ವಾಚು ಹೃದಯಾಘಾತವನ್ನು ಪತ್ತೆಹಚ್ಚುವುದಿಲ್ಲ ಎಂದು ಆಪಲ್ ಕಂಪನಿಯೇ ಬರೆದುಕೊಂಡಿದೆ. ಅದನ್ನು ಓದುವ ದುರಭ್ಯಾಸ ನಮಗಿಲ್ಲ.

ನಮ್ಮ ವೈದ್ಯಕೀಯ ವಿದ್ಯಾಭ್ಯಾಸ ವಾಟ್ಸ್‌ಆ್ಯಪ್‌ನಲ್ಲಿ ನಡೆಯುತ್ತದೆ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸುಳ್ಳು ಎಲ್ಲರಿಗೂ ಬಾಯಿಪಾಠ. ಉಸಿರು ನಿಂತು ಬಿದ್ದವನ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕೆಂಬ ನಿಜ ಯಾವ ಗುಂಪಿಗೂ ಬರುವುದಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಶಾಸನ 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಮಾರಾಟದಿಂದ ಹುಟ್ಟಿದ್ದು. ಅದನ್ನು ಜಗಲಿಯಲ್ಲಿ ಕುಳಿತೇ ಕೈ ಅಲ್ಲಾಡಿಸಿ ಪೂರೈಸುವ ನಿವೃತ್ತರನ್ನು ಬಲ್ಲೆ. ಅಷ್ಟಾದರೂ ಅಲುಗಾಡಿದರಲ್ಲ, ಬಿಡಿ.

ತಮಾಷೆ ನಿಲ್ಲುವುದು ರಾತ್ರಿ ಬಾಡೂಟದ ನಂತರ. ಎದೆ ಹಿಂಡುತ್ತದೆ, ಎಡತೋಳು ಜಗ್ಗುತ್ತದೆ, ಬೆವರು ಇಳಿಯುತ್ತದೆ. ಮನೆಯಾಕೆ ಆಟೊ ಕರೆಸಲು ಹೊರಟರೆ ಯಜಮಾನರು ಮಣಿಕಟ್ಟು ಎತ್ತಿ ತೋರಿಸುತ್ತಾರೆ: ಎಪ್ಪತ್ತೆಂಟು! ರಕ್ತನಾಳ ಕಟ್ಟಿಕೊಂಡಾಗಲೂ ನಾಡಿ ನೆಟ್ಟಗೆ ನಡೆಯಬಹುದು ಎಂದು ವಾಚ್ ಹೇಳುವುದಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಉಚಿತ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದೂ ಉಚಿತ ಎಂದು ಮಗಳು ನೆನಪಿಸುತ್ತಾಳೆ.

"ಗ್ಯಾಸ್ಟ್ರಿಕ್ ಕಣಮ್ಮ, ಒಂದು ಸೋಡಾ ತಾ," ಎನ್ನುತ್ತಾರೆ ಯಜಮಾನರು. "ಆಸ್ಪತ್ರೆಗೆ ಹೋದರೆ ಸಿಗರೇಟು ಬಿಡಿ ಅಂತ ಬೈಯುತ್ತಾರೆ."