ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ, ಬರೆದೇ ತಣಿಯಬೇಕು. ಪರಿಚಯದವರೊಬ್ಬರು ದಿನಸಿ ಮಾರುವ ಜಾಲತಾಣ ನಡೆಸುತ್ತಾರೆ. ‘ನನ್ನ ಆರ್ಡರ್‌ಗಳು’ ಪುಟ ತೆರೆಯಲು ಮುಕ್ಕಾಲು ನಿಮಿಷ ಬೇಕಾಗುತ್ತಿತ್ತಂತೆ. ಯಾರದೋ ಮಾತು ಕೇಳಿ 4 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಯಂತ್ರ ಬಿಟ್ಟು 8 ಕೋರ್‌ಗಳದ್ದನ್ನು ಬಾಡಿಗೆಗೆ ಹಿಡಿದಿದ್ದರು. ಬಾಡಿಗೆ ಇಮ್ಮಡಿಯಾಯಿತು, ಪುಟ ಮಾತ್ರ ಹಾಗೆಯೇ ಇತ್ತು. ‘16 ಕೋರ್ ತೆಗೆದುಕೊಳ್ಳೋಣವೇ?’ ಎಂದು ಕೇಳಲು ಫೋನ್ ಮಾಡಿದ್ದರು.

ಯಂತ್ರ ಏನು ಮಾಡುತ್ತಿದೆ ಎಂದು ಅಂಕಿಗಳಲ್ಲಿ ತೋರಿಸುವ ವಿಎಂಸ್ಟ್ಯಾಟ್ ಆಜ್ಞೆ ಓಡಿಸಿ ಕೊನೆಯ ಅಂಕಣಗಳನ್ನು ಓದಿ ಎಂದೆ. ಪ್ರೊಸೆಸರ್ ನಿಜವಾಗಿ ದುಡಿಯುತ್ತಿದ್ದ ಪಾಲು ಶೇ 4. ಡಿಸ್ಕ್‌ಗಾಗಿ ಕಾಯುತ್ತಿದ್ದುದು ಶೇ 63. ಕೆಲಸವಿಲ್ಲದೆ ಕಾಯುತ್ತಿದ್ದವರ ಪಕ್ಕಕ್ಕೆ ಇನ್ನೂ ನಾಲ್ವರನ್ನು ತಂದು ನಿಲ್ಲಿಸಿದ್ದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.

ಆರ್ಡರ್ ಟೇಬಲ್ (ಎಲ್ಲ ಆರ್ಡರ್‌ಗಳ ಪಟ್ಟಿ) 22 ಜಿಬಿ, ಯಂತ್ರದ ತಕ್ಷಣದ ನೆನಪು, ಅಂದರೆ ರ‍್ಯಾಮ್ 16 ಜಿಬಿ, ಟೇಬಲ್ ಅದರಲ್ಲಿ ಹಿಡಿಸದು. ಗ್ರಾಹಕರ ಮೊಬೈಲ್ ಸಂಖ್ಯೆಯ ಮೇಲೆ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯ ಪದಸೂಚಿಯಂಥದ್ದು, ಇರಲಿಲ್ಲ. ಒಬ್ಬರು ತಮ್ಮ ಹಳೆಯ ಬಿಲ್ ಕೇಳಿದರೆ ಡೇಟಾಬೇಸ್ ಇಡೀ ಟೇಬಲನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಅವರ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ನಲ್ಲಿ, ಹೇಗೆ ಹುಡುಕುತ್ತದೆ ಎಂದು ತಿಳಿಸುವ ಎಕ್ಸ್‌ಪ್ಲೇನ್ ಆಜ್ಞೆ ಹಾಕಿದ್ದರೆ ‘ಸೀಕ್ ಸ್ಕ್ಯಾನ್’ (ಸಾಲಾಗಿ ಎಲ್ಲವನ್ನೂ ಓದುವುದು) ಎಂದು ಮೊದಲ ಸಾಲುಗಳಲ್ಲೇ ಕಾಣುತ್ತಿತ್ತು. ಆ ಒಂದು ಇಂಡೆಕ್ಸ್ ಕಟ್ಟಲು ಕೆಲವೇ ನಿಮಿಷ ಸಾಕಾಯಿತು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು.

‘ಎಂಜಿನಿಯರ್ ಸಮಯಕ್ಕಿಂತ ಯಂತ್ರ ಅಗ್ಗ’ ಎನ್ನುವವರಿದ್ದಾರೆ. ರ‍್ಯಾಮ್ ವಿಷಯದಲ್ಲಿ ಆ ಮಾತಿಗೆ ತೂಕವಿದೆ. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೂ ಅದರ ಸಾವಿರ ಪಟ್ಟು ಹೊತ್ತು ಹಿಡಿಯಬಹುದು. 32 ಜಿಬಿ ರ‍್ಯಾಮ್ ಹಾಕಿದ್ದರೆ ಇಡೀ ಟೇಬಲ್ ಅದರಲ್ಲೇ ಹಿಡಿಸಿ ನೋವು ಕೆಲವು ತಿಂಗಳು ಅಡಗಿರುತ್ತಿತ್ತು. ಆದರೆ ಟೇಬಲ್ ಬೆಳೆಯುವುದು ನಿಲ್ಲುವುದಿಲ್ಲವಲ್ಲ! ಅಳೆಯದೆ ಕೊಂಡ ಯಂತ್ರ ಅಗ್ಗವೆಂದು ನಾನು ಒಪ್ಪುವುದಿಲ್ಲ.

ದೊಡ್ಡ ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2016ರಲ್ಲಿ 11 ವೆಬ್ ಸರ್ವರ್‌ಗಳ (ಪುಟ ಕಳುಹಿಸುವ ಯಂತ್ರಗಳ) ಮೇಲೆ ನಡೆಯುತ್ತಿತ್ತು, ಅದರ ಮುಖ್ಯ ಡೇಟಾಬೇಸ್ ಸರ್ವರ್‌ಗಳಿಗೆ ತಲಾ 384 ಜಿಬಿ ರ‍್ಯಾಮ್ ಇತ್ತು. ವಾಟ್ಸ್‌ಆ್ಯಪ್ 2012ರಲ್ಲೇ ಒಂದೊಂದು ಸರ್ವರ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ನಿಭಾಯಿಸಿ ತೋರಿಸಿತ್ತು. ಎಲ್ಲಿ ಉಸಿರು ಕಟ್ಟುತ್ತಿದೆ ಎಂದು ಅವರು ಹುಡುಕಿ ನೋಡಿದ್ದರು. ನಮ್ಮವರು ಬೆಲೆಪಟ್ಟಿಯನ್ನು ಮಾತ್ರ ನೋಡುತ್ತಾರೆ.

ಇಷ್ಟು ಕೋಪಕ್ಕೆ ಕಾರಣವಿದೆ, ಹೇಳಿಬಿಡುತ್ತೇನೆ. ಮೊದಲ ಕೆಲಸದಲ್ಲಿ ನಾನೂ ಅಳೆಯದೆ ಇನ್ನೆರಡು ವೆಬ್ ಸರ್ವರ್ ಬೇಕೆಂದು ಹಟ ಹಿಡಿದು ತರಿಸಿದ್ದೆ. ಅವು ಅದೇ ಡೇಟಾಬೇಸಿಗೆ ಮತ್ತಷ್ಟು ಕನೆಕ್ಷನ್ ತೆರೆದವು, ಪೋಸ್ಟ್‌ಗ್ರೆಸ್ ಸಹಜವಾಗಿ ಬಿಡುವ 100 ಕನೆಕ್ಷನ್‌ಗಳ ಮಿತಿ ಮುಗಿದು, ನಿಧಾನವಾಗಿದ್ದ ತಾಣ ಪೂರ್ತಿ ನಿಂತಿತು. ಬೇಕಿದ್ದದ್ದು ಕನೆಕ್ಷನ್‌ಗಳನ್ನು ಹಂಚಿಕೊಡುವ ಒಂದು ಪೂಲರ್. ಸಣ್ಣ ಸಂಸ್ಥೆ, ಆ ವರ್ಷ ಯಾರಿಗೂ ಸಂಬಳ ಏರಲಿಲ್ಲ. ಏರದೆ ಹೋದ ಆ ಸಂಬಳದ ಹಣದಲ್ಲಿ ನನ್ನ ಎರಡು ಸರ್ವರ್‌ಗಳ ಪಾಲೆಷ್ಟು ಎಂಬುದು ಇಂದಿಗೂ ಕೊರೆಯುತ್ತದೆ.

ಇಂದು ಬೆಳಿಗ್ಗೆ ದಿನಸಿ ತಾಣದವರ ಸಂದೇಶ ಬಂತು. ಹಳೆಯ 4 ಕೋರ್ ಯಂತ್ರಕ್ಕೇ ಮರಳಿದ್ದಾರೆ. ಕೆಳಗೆ ಇನ್ನೊಂದು ಸಾಲು: ‘ದೀಪಾವಳಿಗೆ ಮುಂಚೆ ದೊಡ್ಡದನ್ನು ಕಾಯ್ದಿರಿಸಲೇ?’ ಸಂಜೆ ಏಳರಿಂದ ಒಂಬತ್ತರವರೆಗಿನ ವಿಎಂಸ್ಟ್ಯಾಟ್ ಅಂಕಿಗಳನ್ನು ಒಂದು ವಾರ ಬರೆದು ಕಳುಹಿಸಿ ಎಂದು ಉತ್ತರಿಸಿದ್ದೇನೆ.